ಅಂಗಡಿಯ ಗಾಜಿಗೆ ಅಂಟಿಸಿದ ತಿಜೋರಿ

ಇಂದ:
ಹಳೆಯ ಕ್ಯಾಮೆರಾಗಳ ರಿಪೇರಿಗಾರ,
ವಯಸ್ಸು ಐವತ್ತಾರು,
ಮೆಟ್ಟಿಲ ಕೆಳಗಿನ ಅಂಗಡಿ, ಔಷಧಿ ಅಂಗಡಿಯ ಎಡಕ್ಕೆ.
(ವಾಲೆಟ್ ವಿಳಾಸವನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ತಡವಾಗಿಯಾದರೂ ಬುದ್ಧಿ ಬಂದಿದೆ.)

ಗೆ:
ಮಾನ್ಯ ಮುಖ್ಯ ಪಾಲಕರು,
ಲೋಕಕ್ಕೆಲ್ಲ ತೆರೆದಿಟ್ಟ ಲೆಕ್ಕದ ಪುಸ್ತಕ, ಬ್ಲಾಕ್‌ಚೈನ್ ವಿಭಾಗ,
ಕಚೇರಿ ಎಲ್ಲಿದೆಯೋ ಅಲ್ಲಿಗೆ.

ವಿಷಯ: ಅರ್ಜಿದಾರನು ತನ್ನ ಕೈಯಾರೆ ಬಯಲು ಮಾಡಿಕೊಂಡ ನಲವತ್ತೊಂದು ಸಾಲುಗಳ ಕ್ರಿಪ್ಟೊ ವ್ಯವಹಾರಕ್ಕೆ ಒಂದು ಪರದೆ ಮಂಜೂರು ಮಾಡುವ ಕುರಿತು.

ಉಲ್ಲೇಖ:
1. ಅರ್ಜಿದಾರನ ಭಾಮೈದ ಭಾನುವಾರದ ಊಟದ ಹೊತ್ತಿನಲ್ಲಿ ಟಿವಿ ಪರದೆಯ ಮೇಲೆ ನೀಡಿದ ಸಾರ್ವಜನಿಕ ಪ್ರದರ್ಶನ.
2. ನಿವೃತ್ತ ಹಡಗು ಇಂಜಿನಿಯರೊಬ್ಬರ ಇ-ಮೇಲ್.
3. ಅರ್ಜಿದಾರನ ಪತ್ನಿ ಖುದ್ದಾಗಿ ಅಂಗಡಿಗೆ ಬಂದು ನಡೆಸಿದ ವಿಚಾರಣೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಸದರಿ ಅರ್ಜಿದಾರ ಮೂವತ್ತೊಂದು ವರ್ಷದಿಂದ ಕತ್ತಲೆಯನ್ನೇ ನಂಬಿ ಹೊಟ್ಟೆ ಹೊರೆದವನು. ಹಳೆಯ ಕಾಲದ ಕ್ಯಾಮೆರಾ ಎಂದರೆ ಕತ್ತಲೆ ತುಂಬಿದ ಒಂದು ಪೆಟ್ಟಿಗೆ; ಎಲ್ಲಿಂದಾದರೂ ಸೂಜಿಮೊನೆಯಷ್ಟು ಬೆಳಕು ಸೋರಿದರೆ ಒಳಗಿನ ಫಿಲ್ಮು ಹಾಳು. ಅಂಥ ಸೋರಿಕೆ ಹುಡುಕಿ ಮುಚ್ಚುವುದು ಅವನ ಕಸುಬು. ಇಂಥವನು ಸ್ವಂತ ಹಣದ ವಿಚಾರದಲ್ಲಿ ಪೆಟ್ಟಿಗೆಯ ಮುಚ್ಚಳವನ್ನೇ ಕಿತ್ತಿಟ್ಟು ಬೀದಿಯಲ್ಲಿ ಕೂತ ಎಂಬುದು ಈ ಅರ್ಜಿಯ ಸಾರಾಂಶ. ಅವಸರದಲ್ಲಿರುವ ಅಧಿಕಾರಿಗಳು ಓದನ್ನು ಇಲ್ಲಿಗೇ ನಿಲ್ಲಿಸಿ ಕೊನೆಯ ಪುಟದಲ್ಲಿ ಸಹಿ ಹಾಕಬಹುದು. ಪುರುಸೊತ್ತಿದ್ದವರಿಗಾಗಿ ವಿವರ ಈ ಕೆಳಗಿನಂತಿದೆ.

1. ದೂರದೇಶದ ನಿವೃತ್ತ ಹಡಗು ಇಂಜಿನಿಯರೊಬ್ಬರ ಬಳಿ ಹನ್ನೊಂದು ಹಳೆಯ ಕ್ಯಾಮೆರಾಗಳಿದ್ದು, ಅವು ಸರದಿ ತಪ್ಪದೆ ಕೆಡುತ್ತಿದ್ದ ಕಾರಣ, ಅವರು ಅರ್ಜಿದಾರನ ಖಾಯಂ ಗಿರಾಕಿಯಾಗಿದ್ದರು. ಅವರು ಬ್ಯಾಂಕಿನ ಮೂಲಕ ಕಳಿಸಿದ ಮಜೂರಿ ಹದಿನೆಂಟು ದಿನ ದಾರಿಯಲ್ಲಿ ಅಲೆದು, ಹೋದಹೋದಲ್ಲಿ ಕಮಿಷನ್ ತೆತ್ತು, ಸೊರಗಿ ಸುಣ್ಣವಾಗಿ ಮನೆ ಸೇರುತ್ತಿತ್ತು. ಆದ್ದರಿಂದ ಅವರು ಕ್ರಿಪ್ಟೊದಲ್ಲಿ ಕಳಿಸುವುದಾಗಿ ತಿಳಿಸಿದರು. ಅರ್ಜಿದಾರ ಇದನ್ನು ಭಾಮೈದನ ಬಳಿ ಪ್ರಸ್ತಾಪಿಸಿದ. ಭಾಮೈದ ವಿಮೆ ಪಾಲಿಸಿ ಮಾಡಿಸುವವನು. ಫೋನಿನ ವಿಷಯದಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಲ್ಲಿ ಇದುವರೆಗೆ ಬಂದಿಲ್ಲ. ಅವನು ಅರ್ಜಿದಾರನ ಫೋನನ್ನು ಕಿತ್ತುಕೊಂಡವನೇ ಹತ್ತು ನಿಮಿಷದಲ್ಲಿ ಕ್ರಿಪ್ಟೊ ಇಡುವ ವಾಲೆಟ್ ಒಂದನ್ನು ತೆರೆದುಕೊಟ್ಟ.

“ಇದು ಬ್ಯಾಂಕ್ ಥರ ಅಲ್ಲ ಭಾವ. ಹೆಸರು ಕೇಳಲ್ಲ, ಸಹಿ ಕೇಳಲ್ಲ, ಫೋಟೊನೂ ಕೇಳಲ್ಲ. ಬರೀ ಒಂದು ಉದ್ದನೆ ನಂಬರು. ಅದೇ ನಿಮ್ಮ ವಿಳಾಸ.”

“ಹಾಗಾದ್ರೆ ಯಾರಿಗೂ ಗೊತ್ತಾಗಲ್ಲ ಅನ್ನು.”

“ಹೆಸರು ಗೊತ್ತಾಗಲ್ಲ. ಯಾವ ವಿಳಾಸಕ್ಕೆ ಎಷ್ಟು ಬಂತು, ಅಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋದು ಒಂದು ಪುಸ್ತಕದಲ್ಲಿ ಎಲ್ಲರಿಗೂ ಕಾಣ್ತಾ ಇರುತ್ತೆ, ಆದ್ರೆ...”

‘ಹೆಸರು ಗೊತ್ತಾಗಲ್ಲ’ ಎಂಬಷ್ಟಕ್ಕೆ ಅರ್ಜಿದಾರನ ಕಿವಿ ತುಂಬಿತ್ತು. ಮಿಕ್ಕ ಮಾತಿನ ಹೊತ್ತಿಗೆ ಅವನ ಮನಸ್ಸು ಬೇರೆಡೆ ಓಡಿಯಾಗಿತ್ತು. ಎಲ್ಲಿಗೆ ಎಂಬುದನ್ನು ಮೂರನೆಯ ಕಲಮಿನಲ್ಲಿ ನಿವೇದಿಸಿಕೊಳ್ಳಲಾಗಿದೆ.

2. ವಾಲೆಟ್ ವಿಳಾಸಕ್ಕೊಂದು ಕಪ್ಪು-ಬಿಳಿ ಚೌಕದ ಕೋಡ್ ಇರುತ್ತದಷ್ಟೆ. ಅರ್ಜಿದಾರ ಅದನ್ನು ಅಂಗೈ ಅಗಲಕ್ಕೆ ಅಚ್ಚು ಹಾಕಿಸಿದ. ಕೆಳಗೆ ಅಂಗಡಿಯ ಹೆಸರು, ಅದರ ಕೆಳಗೆ ತನ್ನ ಹೆಸರು, ಅದಕ್ಕೂ ಕೆಳಗೆ ‘ಇಲ್ಲಿಗೆ ಹಣ ಕಳಿಸಬಹುದು’ ಎಂಬ ಕೆಂಪು ಅಕ್ಷರ. ಅಂಗಡಿಯ ಗಾಜಿಗೆ ಒಂದು, ಬಿಲ್ಲಿನ ಪುಸ್ತಕಕ್ಕೆ ಒಂದು, ವಿಸಿಟಿಂಗ್ ಕಾರ್ಡಿನ ಹಿಂದೆ ಒಂದು, ಹೊರದೇಶಕ್ಕೆ ಹೋಗುವ ಪ್ರತಿ ಪಾರ್ಸಲಿನ ಮೇಲೆ ಒಂದು. ಹೆಸರೇ ಇಲ್ಲದ ವಿಳಾಸಕ್ಕೆ ಹೀಗೆ ಹೆಸರಿಟ್ಟವನು ಜಗತ್ತಿನಲ್ಲಿ ತಾನೊಬ್ಬನೇ ಇರಲಾರೆ ಎಂದು ಅರ್ಜಿದಾರ ಇಂದಿಗೂ ಆಸೆ ಇಟ್ಟುಕೊಂಡಿದ್ದಾನೆ. ಅಂಟಿಸಿದ ದಿನ ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಸೊಟ್ಟಗಾಗಿದೆಯೇ ಎಂದು ನೋಡಿ, ತಿರುಗಿ ಬಂದು ನೆಟ್ಟಗೆ ಮಾಡಿದ. ಮಾಡಿದ ಮೇಲೆಯೂ ಅದು ಅವನ ಕಣ್ಣಿಗೆ ಸೊಟ್ಟಗೇ ಕಂಡಿತು. ಯಾಕೆಂಬುದು ಮುಂದಿನ ಕಲಮಿನಲ್ಲಿದೆ.

3. (ಗೌಪ್ಯ) ಎರಡು ವರ್ಷದ ಹಿಂದೆ ಅರ್ಜಿದಾರನ ಬಲಗಣ್ಣು ಕೈಕೊಟ್ಟಿತು. ನೋವಿಲ್ಲ, ಕೆಂಪಿಲ್ಲ. ನೋಟದ ನಟ್ಟನಡುವೆ ಎಣ್ಣೆಯ ಬೆರಳು ತಾಗಿದಂತೆ ಒಂದು ಕಲೆ, ಅದರ ಸುತ್ತ ನೆಟ್ಟನೆಯ ಗೆರೆಗಳೆಲ್ಲ ಬಳುಕು. ಕ್ಯಾಮೆರಾದ ಷಟರ್ ಎಂದರೆ ರೆಪ್ಪೆಯಷ್ಟು ತೆಳ್ಳನೆಯ ಐದು ತಗಡು, ಅವುಗಳನ್ನು ಹಿಡಿದಿಡುವ ಎಳ್ಳಿಗಿಂತ ಸಣ್ಣ ಸ್ಕ್ರೂ. ಭೂತಗನ್ನಡಿಯನ್ನು ಬಲಗಣ್ಣಿಗೇ ಸಿಕ್ಕಿಸಿಕೊಂಡು ಮೂವತ್ತು ವರ್ಷ ದುಡಿದ ಕೈಗೆ ಎಡಗಣ್ಣು ಹೇಳಿದ್ದು ಅರ್ಥವಾಗಲೇ ಇಲ್ಲ. ಒಂದೇ ತಿಂಗಳಲ್ಲಿ ಮೂರು ಕ್ಯಾಮೆರಾ ಗಿರಾಕಿಗಳಿಂದ ವಾಪಸು ಬಂದವು. ಅರ್ಜಿದಾರ ಕಣ್ಣಿನ ಡಾಕ್ಟರ ಬಳಿ ಹೋಗಲಿಲ್ಲ, ಹೆಂಡತಿಗೆ ಹೇಳಲಿಲ್ಲ. ಔಷಧಿ ಅಂಗಡಿಯವರಿಂದ ಕಣ್ಣಿನ ಡ್ರಾಪ್ಸ್ ಕೊಂಡು, ಬಾಟಲಿಯನ್ನು ಸ್ಕ್ರೂ ಡಬ್ಬದಲ್ಲಿ ಬಚ್ಚಿಟ್ಟ. ಜಾಣತನದಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ.

ಆಗ ಅವನಿಗೆ ನೆನಪಾದವಳು ಚಿಮಟ. ಇದು ಅಡ್ಡಹೆಸರು. ಅರ್ಜಿದಾರನ ಏಕೈಕ ಶಿಷ್ಯೆ. ಕೈಯಿಂದ ಚಿಮಟ ಕೆಳಗಿಡುತ್ತಿರಲಿಲ್ಲವಾಗಿ ಅವನೇ ಇಟ್ಟ ಹೆಸರು. ನಾಲ್ಕು ವರ್ಷ ಅವನ ಬಳಿ ಕೆಲಸ ಮಾಡಿದಳು. ಹದಿನಾರು ವರ್ಷದ ಹಿಂದೆ ಒಂದು ದಿನ ಗಿರಾಕಿಯೊಬ್ಬರ ಎದುರಿಗೇ ಷಟರಿನ ಸ್ಪ್ರಿಂಗ್ ಹಾರಿ ಎಲ್ಲೋ ಬಿತ್ತು. ಯಾರ ಕೈಯಿಂದ ಹಾರಿತು ಎಂಬುದು ಅರ್ಜಿಯ ಈ ಹಂತದಲ್ಲಿ ಅಪ್ರಸ್ತುತ. ಗಿರಾಕಿ ಗಾಬರಿಯಾದಾಗ ಅರ್ಜಿದಾರ ನಕ್ಕು, “ಏನಿಲ್ಲ ಬಿಡಿ, ಹೆಂಗಸಿನ ಕೈ. ಇನ್ಮೇಲೆ ನಿಮ್ಮದನ್ನ ನಾನೇ ಮುಟ್ತೀನಿ” ಎಂದ. ಅವಳು ಚಿಮಟವನ್ನು ಮೇಜಿನ ಮೇಲಿಟ್ಟು, ಕೈ ತೊಳೆದು, ಒರೆಸಿಕೊಂಡು, ಹೊರಟುಹೋದಳು. ಬಸ್ಸಿನಲ್ಲಿ ಮೂರು ಗಂಟೆಯ ದಾರಿಯ ತನ್ನ ಊರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ರಿಪೇರಿ ಶುರುಮಾಡಿದ್ದಾಳೆ ಎಂಬ ಸುದ್ದಿ ಮಾತ್ರ ಆಮೇಲೆ ಬಂತು.

ವಾಪಸು ಬಂದ ಮೂರನ್ನೂ ಅರ್ಜಿದಾರ ಅವಳಿಗೆ ಪಾರ್ಸಲ್ ಮಾಡಿದ. ಜೊತೆಗಿಟ್ಟ ಚೀಟಿಯಲ್ಲಿ ಕ್ಷೇಮ ವಿಚಾರಿಸದೆ, ಕ್ಷಮೆಯನ್ನಂತೂ ಕೇಳದೆ, ‘ಇವನ್ನು ನೋಡು’ ಎಂದಷ್ಟೇ ಬರೆದ. ಎಂಟು ದಿನದಲ್ಲಿ ಮೂರೂ ಗುಣವಾಗಿ ಬಂದವು. ಒಂದರ ಜೊತೆ ಚೀಟಿಯಿತ್ತು: ‘ಮೇಷ್ಟ್ರೇ, ಇದರಲ್ಲಿ ಸ್ಪ್ರಿಂಗ್ ತಲೆಕೆಳಗಾಗಿ ಕೂತಿತ್ತು. ಕಣ್ಣು ತೋರಿಸಿಕೊಳ್ಳಿ.’ ಅರ್ಜಿದಾರ ಚೀಟಿಯನ್ನು ಹರಿದು ಹಾಕಿ, ಮುಂದಿನ ಪಾರ್ಸಲ್ ಕಳಿಸಿದ. ಅಲ್ಲಿಂದಾಚೆಗೆ ನುಣುಪು ಕೆಲಸವೆಲ್ಲ ಅವಳದು, ಹೆಸರೆಲ್ಲ ಇವನದು. ಮಜೂರಿಯಲ್ಲಿ ಅರ್ಧ ಅವಳಿಗೆ. ಬ್ಯಾಂಕಿನಲ್ಲಿ ಕಳಿಸಿದರೆ ಪಾಸ್‌ಬುಕ್ಕಿನಲ್ಲಿ ಹೆಂಡತಿ ನೋಡುತ್ತಾರಲ್ಲ ಎಂಬ ಚಿಂತೆಯಲ್ಲಿ ಅವನಿದ್ದಾಗಲೇ ಭಾಮೈದ ‘ಹೆಸರು ಗೊತ್ತಾಗಲ್ಲ’ ಎಂದದ್ದು. ಮನಸ್ಸು ಓಡಿದ್ದು ಅಲ್ಲಿಗೆ.

4. ಸದರಿ ವ್ಯವಸ್ಥೆ ಸುಸೂತ್ರವಾಗಿ ನಡೆಯುತ್ತಿದ್ದು, ಅರ್ಜಿದಾರ ತನ್ನ ಗುಟ್ಟು ಭದ್ರವಾಗಿದೆ ಎಂದು ನಂಬಿದ್ದು, ಬೀದಿಯವರೆಲ್ಲ ಗಾಜಿನ ಕೋಡಿಗೆ ಫೋನ್ ಹಿಡಿದು ಅವನ ಆದಾಯವನ್ನು ಹವಾಮಾನದ ಹಾಗೆ ದಿನವೂ ನೋಡುತ್ತಿದ್ದರು. ಬಂದ ಹಣಕ್ಕೆ ಹಸಿರು ಬಾಣ, ಹೋದ ಹಣಕ್ಕೆ ಕೆಂಪು ಬಾಣ. ಔಷಧಿ ಅಂಗಡಿಯವರು ಒಂದು ಬೆಳಿಗ್ಗೆ ಡ್ರಾಪ್ಸ್ ಕೊಡುತ್ತಾ, “ದೊಡ್ಡ ಬಾಟ್ಲೇ ತಗೊಳ್ಳಿ ಸಾರ್, ನಿನ್ನೆ ಬಂತಲ್ಲ” ಎಂದರು. ಅರ್ಜಿದಾರ ಚಿಕ್ಕದನ್ನೇ ಕೊಂಡು ಬಂದ. ಕಟ್ಟಡದ ಮಾಲೀಕರು ಇಷ್ಟು ನಾಜೂಕಿನವರಲ್ಲ. ನೇರವಾಗಿ ಒಳಗೆ ಬಂದು ಸ್ಟೂಲ್ ಎಳೆದು ಕೂತರು.

“ಏನ್ರೀ, ಕೆಲಸ ಇಲ್ಲ, ಕಷ್ಟ ಅಂತೀರಾ, ಈ ತಿಂಗಳು ಮೂರು ಹಸಿರು ಬಂದಿದೆಯಲ್ಲ?”

“ಸಾರ್, ಪಕ್ಕದಲ್ಲೇ ಕೆಂಪೂ ಇದೆ. ಅದನ್ನೂ ನೋಡ್ಬೇಕು ನೀವು.”

“ಕೆಂಪು ನಿಮ್ಮ ಖರ್ಚು, ಅದು ನನಗ್ಯಾಕೆ? ಬಾಡಿಗೆ ಹಸಿರಿನ ಮೇಲೆ.” ಆಮೇಲೆ ಫೋನನ್ನು ಮೂಗಿನ ಹತ್ತಿರ ಹಿಡಿದು, “ಎಲ್ಲಾ ಒಂದೇ ಕಡೆ ಹೋಗ್ತಾ ಇದೆಯಲ್ಲ? ಯಾರಪ್ಪಾ ಅದು?” ಎಂದರು.

ಯಾರೆಂದು ಹೇಳಿದ್ದರೆ ಬಾಡಿಗೆ ಉಳಿಯುತ್ತಿತ್ತು, ಮರ್ಯಾದೆ ಹೋಗುತ್ತಿತ್ತು. ಅರ್ಜಿದಾರ ತೂಗಿ ನೋಡಿ ಬಾಡಿಗೆಯನ್ನೇ ಹೆಚ್ಚು ಕೊಟ್ಟ.

ತೆರಿಗೆ ಇಲಾಖೆಗೆ ಪ್ರತಿ ಸಾಲನ್ನೂ ತೋರಿಸಲಾಗಿದೆ ಎಂಬುದನ್ನು ಇಲ್ಲೇ ಸ್ಪಷ್ಟಪಡಿಸತಕ್ಕದ್ದು. ನೋಡುವ ಹಕ್ಕಿದ್ದೂ ಕುಹಕವಾಡದೆ ನಡೆದುಕೊಂಡವರು ಅವರೊಬ್ಬರೇ.

5. ಉಲ್ಲೇಖ ಒಂದರ ಪ್ರದರ್ಶನ. ಭಾನುವಾರ ಮಧ್ಯಾಹ್ನ ಭಾಮೈದ ಊಟಕ್ಕೆ ಬಂದಿದ್ದ. ಅತ್ತೆಯವರು, ಅಂದರೆ ಅರ್ಜಿದಾರನ ಹೆಂಡತಿಯ ತಾಯಿ, “ಈ ಕ್ರಿಪ್ಟೊ ಅಂದ್ರೆ ಏನೋ ಅದು?” ಎಂದು ಕೇಳಿದ್ದೇ ತಡ, ಅವನು ಫೋನನ್ನು ಟಿವಿಗೆ ಜೋಡಿಸಿದ. ಉದಾಹರಣೆಗೆ ಒಂದು ವಿಳಾಸ ಬೇಕಿತ್ತು. ಶೋಕೇಸಿನ ಮೇಲೆ ಅರ್ಜಿದಾರನ ವಿಸಿಟಿಂಗ್ ಕಾರ್ಡುಗಳ ಕಟ್ಟು ಇತ್ತು.

“ನೋಡಮ್ಮಾ, ಭಾವಂದು. ಮೂವತ್ತೆಂಟು ಸಾಲು. ಹಸಿರು ಹತ್ತೊಂಬತ್ತು, ಕೆಂಪು ಹತ್ತೊಂಬತ್ತು. ಬಂದ ಗಂಟೆಯೊಳಗೆ ಅರ್ಧ ಹೊರಗೆ.” ಹೇಳುತ್ತಾ ಹೇಳುತ್ತಾ ಅವನ ದನಿ ತಾನಾಗಿಯೇ ಇಳಿಯಿತು. “ಭಾವ... ಎಲ್ಲಾ ಒಂದೇ ವಿಳಾಸಕ್ಕೆ ಹೋಗಿದೆಯಲ್ಲ. ಯಾರದು ಇದು?”

ಅತ್ತೆಯವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಹೆಂಡತಿ ಬಡಿಸುತ್ತಿದ್ದ ಸೌಟನ್ನು ಹಿಡಿದೇ ನಿಂತು ಟಿವಿಯನ್ನು ಮೇಲಿಂದ ಕೆಳಕ್ಕೆ ಒಮ್ಮೆ ಓದಿದರು. ಆಕೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತವರು. ಖೋಟಾನೋಟು ಬಂದರೆ ನೋಟನ್ನಲ್ಲ, ಕೊಟ್ಟವರ ಮುಖವನ್ನು ನೋಡುತ್ತಾರೆ. ಈಗಲೂ ಹಾಗೆಯೇ ನೋಡಿದರು.

“ಲೆನ್ಸ್ ಗಾಜಿನ ಅಂಗಡಿ,” ಎಂದ ಅರ್ಜಿದಾರ. “ಗಾಜು ತರಿಸ್ತೀನಿ.”

“ಊಟ ಮಾಡಿ, ಆರಿಹೋಗ್ತಿದೆ,” ಎಂದರು ಆಕೆ. ಆಮೇಲೆ ಒಂದು ವಾರ ಆ ಮಾತು ಎತ್ತಲಿಲ್ಲ. ಜಗಳವಾಡಿದ್ದರೆ ಅರ್ಜಿದಾರ ಹೇಗೋ ತಡೆದುಕೊಳ್ಳುತ್ತಿದ್ದ.

6. ಸದರಿ ವಾರದಲ್ಲಿ ಅರ್ಜಿದಾರ ಕೈಗೊಂಡ ಪರಿಹಾರ ಕ್ರಮಗಳು:

ಮೊದಲನೆಯದಾಗಿ, ಗುಟ್ಟಾಗಿ ಇನ್ನೊಂದು ವಾಲೆಟ್ ತೆರೆದು, ಹಳೆಯದರಲ್ಲಿದ್ದ ಹಣವನ್ನೆಲ್ಲ ಅದಕ್ಕೆ ಸಾಗಿಸಿದ. ಸಾಗಿಸಿದ್ದೂ ಪುಸ್ತಕದಲ್ಲಿ ದಾಖಲಾಯಿತು. ಯಾರಿಗೂ ತಿಳಿಯದಂತೆ ಮನೆ ಬದಲಿಸಬೇಕೆಂದು ಹಗಲಲ್ಲಿ ಗಾಡಿ ಕಟ್ಟಿ, ಬೀದಿಯವರಿಂದಲೇ ಸಾಮಾನು ಹೊರಿಸಿದಂತಾಯಿತು. ಮೂವತ್ತೊಂಬತ್ತನೆಯ ಸಾಲು.

ಹೆದರಿ ಎಲ್ಲವನ್ನೂ ಹಳೆಯದಕ್ಕೇ ವಾಪಸು ತಂದ. ನಲವತ್ತು.

ಹಣದ ಜಾಡು ಅಳಿಸಿಕೊಡುವ ‘ಮಿಕ್ಸರ್’ ಎಂಬ ಸೇವೆ ಇದೆ, ಹತ್ತಾರು ಜನರ ಹಣವನ್ನು ಕಲಸಿ ವಾಪಸು ಕೊಡುತ್ತಾರೆ, ಆಗ ಯಾವುದು ಯಾರದೆಂದು ಗುರುತು ಸಿಗುವುದಿಲ್ಲ ಎಂದು ಎಲ್ಲೋ ಓದಿದ. ಕಣ್ಣಿಗೆ ಬಿದ್ದ ಮೊದಲ ಪೇಜಿಗೆ ಒಂದಿಡೀ ಕ್ಯಾಮೆರಾದ ಮಜೂರಿ ಕಳಿಸಿದ. ಹಣ ಹೋಯಿತು, ಪೇಜೂ ಹೋಯಿತು. ಯಾವುದು ಯಾರದೆಂದು ಗುರುತು ಸಿಗುವುದಿಲ್ಲ ಎಂಬ ಮಾತನ್ನು ಅವರು ಅಕ್ಷರಶಃ ನಡೆಸಿಕೊಟ್ಟರು. ಇದು ನಲವತ್ತೊಂದನೆಯ ಹಾಗೂ ಕೊನೆಯ ಸಾಲು.

7. ಸೋಮವಾರ ಹಡಗು ಇಂಜಿನಿಯರರ ಇ-ಮೇಲ್ ಬಂತು. ಸಭ್ಯ ಮನುಷ್ಯ, ನಾಲ್ಕೇ ಸಾಲು ಬರೆದಿದ್ದರು. ತಾವು ಈಚೆಗೆ ಇನ್ನೊಬ್ಬ ರಿಪೇರಿಗಾರ್ತಿಗೂ ಒಂದು ಕ್ಯಾಮೆರಾ ಕಳಿಸಿದ್ದಾಗಿಯೂ, ಆಕೆಯ ಪೇಜಿನಲ್ಲಿ ಹಣಕ್ಕಾಗಿ ಹಾಕಿದ್ದ ವಿಳಾಸ ಎಲ್ಲೋ ನೋಡಿದಂತಿತ್ತೆಂದೂ, ಹುಡುಕಲಾಗಿ ತಾವು ಅರ್ಜಿದಾರನಿಗೆ ಕೊಟ್ಟ ಮಜೂರಿಯಲ್ಲಿ ಪ್ರತಿ ಸಲ ಅರ್ಧ ಹೋಗುವುದು ಅಲ್ಲಿಗೇ ಎಂದು ಕಂಡಿತೆಂದೂ, ‘ದಯವಿಟ್ಟು ಅನ್ಯಥಾ ಭಾವಿಸಬೇಡಿ, ನನ್ನ ಕ್ಯಾಮೆರಾಗಳನ್ನು ರಿಪೇರಿ ಮಾಡುತ್ತಿರುವುದು ಯಾರು?’ ಎಂದೂ ಕೇಳಿದ್ದರು.

ಅರ್ಜಿದಾರ ಮಂಗಳವಾರ ಬೆಳಿಗ್ಗೆಯಿಂದ ಸಂಜೆ ಐದರವರೆಗೆ ಕೂತು ಆರು ಬಗೆಯ ಸುಳ್ಳು ಬರೆದ. ಮೂವತ್ತೊಂದು ವರ್ಷದ ಹೆಸರು ಒಂದು ಪತ್ರದ ಮೇಲೆ ನಿಂತಿತ್ತು. ಆರನೆಯ ಸುಳ್ಳು ತಕ್ಕಮಟ್ಟಿಗೆ ಚೆನ್ನಾಗಿತ್ತು. ಅಷ್ಟರಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ಹೆಂಡತಿ ಒಳಗೆ ಬಂದರು. ಕೌಂಟರಿನ ಯೂನಿಫಾರ್ಮ್ ಇರಲಿಲ್ಲ. ಕೈಯಲ್ಲಿ ಒಂದು ಪಾರ್ಸಲ್ ಇತ್ತು.

8. ಉಲ್ಲೇಖ ಮೂರರ ವಿಚಾರಣೆ. ಇದನ್ನು ಇದ್ದದ್ದು ಇದ್ದಹಾಗೆ ದಾಖಲಿಸಲಾಗಿದೆ.

“ಡ್ಯೂಟಿ ಇರ್ಲಿಲ್ವಾ?”

“ರಜ ಹಾಕಿದ್ದೆ.”

“ಎಲ್ಲಿಗೆ ಹೋಗಿದ್ದೆ?”

“ನಿಮ್ಮ ಲೆನ್ಸ್ ಗಾಜಿನ ಅಂಗಡಿಗೆ.” ಪಾರ್ಸಲನ್ನು ಮೇಜಿನ ಮೇಲಿಟ್ಟರು. “ಆ ನಂಬರನ್ನ ಫೋನಲ್ಲಿ ಹಾಕಿದ್ರೆ ಅವಳ ಪೇಜು ಬರುತ್ತೆ ರೀ. ಹೆಸರು, ಊರು, ಮನೆ ಮುಂದೆ ನಿಂತಿರೋ ಫೋಟೊ, ಎಲ್ಲಾ. ಈ ವಾರದ ಕೆಲಸ ಮುಗಿದಿತ್ತಂತೆ, ಅಂಚೆ ಖರ್ಚು ಯಾಕೆ ಅಂತ ನನ್ನ ಕೈಲೇ ಕೊಟ್ಟು ಕಳಿಸಿದ್ಳು.”

ಅರ್ಜಿದಾರ ಆರನೆಯ ಸುಳ್ಳನ್ನು ಬಿಲ್ಲಿನ ಪುಸ್ತಕದ ಕೆಳಗೆ ಸರಿಸಿದ.

“ಹೆಂಗಸು ಅಂತ ಗೊತ್ತಾದ್ಮೇಲೆ ಬಸ್ಸಲ್ಲಿ ಮೂರು ಗಂಟೆ ಏನೇನು ಯೋಚನೆ ಮಾಡ್ಕೊಂಡು ಹೋಗಿರಬೇಡ ನಾನು? ಏನೇನು ಬೈಬೇಕು, ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಾ ಜೋಡಿಸ್ಕೊಂಡಿದ್ದೆ. ಅವಳು ಬಾಗಿಲು ತೆಗೆದ್ಳು. ಗುರುತು ಹಿಡಿದ್ಳು. ‘ಬನ್ನಿ ಅಕ್ಕ, ಮೇಷ್ಟ್ರ ಕಣ್ಣು ಈಗ ಹೇಗಿದೆ?’ ಅಂದ್ಳು.” ಆಕೆ ಸ್ಟೂಲಿನ ಮೇಲೆ ಕೂತರು. “ನಾನು ಏನು ಹೇಳ್ಲಿ? ಯಾವ ಕಣ್ಣು ಅಂತಾನೂ ಗೊತ್ತಿಲ್ಲ ನನಗೆ.”

“ಬಲಗಡೇದು.”

“ಯಾವಾಗಿಂದ?”

“ಎರಡು ವರ್ಷ ಆಯ್ತು.”

ಆಕೆ ಎದ್ದು ಬಂದು, ಅಂಗೈಯಿಂದ ಅವನ ಎಡಗಣ್ಣು ಮುಚ್ಚಿ, ಎದುರಿಗೆ ನಿಂತರು. “ನಾನು ಕಾಣ್ತೀನಾ?”

“ಕೂದಲು ಕಾಣುತ್ತೆ. ಭುಜ ಕಾಣುತ್ತೆ. ಮುಖ ಇಲ್ಲ.”

ಈ ಉತ್ತರವನ್ನು ಇನ್ನೂ ಸ್ವಲ್ಪ ಮೆತ್ತಗೆ ಹೇಳಬಹುದಿತ್ತೆಂದು ಅರ್ಜಿದಾರನಿಗೆ ಹೊಳೆದದ್ದು ಆಮೇಲೆ. ಮುಂದಿನ ಕಾಲುಗಂಟೆ ಅಂಗಡಿಯಲ್ಲಿ ನಡೆದದ್ದು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ. ಎಲ್ಲವನ್ನೂ ಕೇಳಿದ ಮೇಲೆ ಆಕೆ ಆಡಿದ ಒಂದು ಮಾತು ಮಾತ್ರ ವಿಷಯಕ್ಕೆ ಸಂಬಂಧಪಟ್ಟಿದ್ದರಿಂದ ಉದ್ಧರಿಸಲಾಗಿದೆ: “ಔಷಧಿ ಅಂಗಡಿಯವ್ರಿಗೆ ಗೊತ್ತು, ಕಟ್ಟಡದ ಮಾಲೀಕ್ರಿಗೆ ಗೊತ್ತು, ಯಾವುದೋ ದೇಶದ ಹಡಗಿನವ್ರಿಗೂ ಅರ್ಧ ಗೊತ್ತು. ಎಲ್ಲರಿಗೂ ತೆರೆದಿಟ್ಟು ನನ್ನೊಬ್ಬಳಿಂದ ಮುಚ್ಚಿಟ್ರಲ್ರೀ. ಮುಚ್ಚಿಡೋಕೂ ಒಂದು ಲೆಕ್ಕ ಇರಲ್ವಾ?”



9. ತರುವಾಯದ ಬೆಳವಣಿಗೆಗಳು. ಮರುದಿನವೇ ಹೆಂಡತಿ ಅವನನ್ನು ಕಣ್ಣಿನ ಡಾಕ್ಟರ ಬಳಿ ಎಳೆದೊಯ್ದರು. ಡಾಕ್ಟರು ಎರಡು ಕಣ್ಣಿಗೂ ದೀಪ ಬಿಟ್ಟು ನೋಡಿ, ಬಲಗಣ್ಣಿಗೆ ಎರಡು ವರ್ಷದ ಹಿಂದೆಯೇ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ಅಷ್ಟಿಷ್ಟು ಉಳಿಸಿಕೊಳ್ಳಬಹುದಿತ್ತೆಂದೂ, ಇನ್ನು ಎಡಗಣ್ಣನ್ನು ಕಾಯೋಣವೆಂದೂ ಹೇಳಿದರು. ಸ್ಕ್ರೂ ಡಬ್ಬದಲ್ಲಿದ್ದ ಡ್ರಾಪ್ಸನ್ನು ತೋರಿಸಿದಾಗ ಡಾಕ್ಟರು ಓದಿ ನೋಡಿ, “ಇದು ಧೂಳು ಬಿದ್ದ ಕಣ್ಣಿಗೆ ಹಾಕೋದು,” ಎಂದು ವಾಪಸು ಕೊಟ್ಟರು.

ಶನಿವಾರ ಗಂಡ-ಹೆಂಡತಿ ಇಬ್ಬರೂ ಚಿಮಟಳ ಊರಿಗೆ ಹೋದರು. ಕಿಟಕಿಯ ಪಕ್ಕ ಅವಳ ಮೇಜು. ಸ್ಕ್ರೂಗಳನ್ನು ಹಳೆಯ ಫಿಲ್ಮ್ ಡಬ್ಬಿಗಳಲ್ಲಿ ಅಳತೆವಾರು ಜೋಡಿಸುವ ಕ್ರಮವೂ ಅರ್ಜಿದಾರ ಕಲಿಸಿದ್ದೇ. ಅವಳ ಕಿವಿಯ ಬಳಿ ನರೆ ಕಾಣಿಸಿಕೊಂಡಿತ್ತು. ಅರ್ಜಿದಾರ, ಅವಳು ಕೊಟ್ಟ ಟೀ ಆರುವವರೆಗೂ ಲೋಟವನ್ನೇ ನೋಡುತ್ತಿದ್ದು, ಕೊನೆಗೆ, “ಆವತ್ತು ನಾನು ಆಡಿದ ಮಾತು...” ಎಂದು ನಿಲ್ಲಿಸಿದ.

“ನೆನಪಿದೆ ಮೇಷ್ಟ್ರೇ,” ಎಂದಳು ಅವಳು. “ಪೂರ್ತಿ ಹೇಳಿ.”

“ಸ್ಪ್ರಿಂಗ್ ಹಾರಿದ್ದು ನನ್ನ ಕೈಯಿಂದ.”

“ಗೊತ್ತು.”

“ಗೊತ್ತಿದ್ದೂ ಯಾಕೆ ನನ್ನ ಕೆಲಸ ಮಾಡಿಕೊಟ್ಟೆ?”

“ಕ್ಯಾಮೆರಾಗಳು ಏನು ಮಾಡಿದ್ವು ಪಾಪ,” ಎಂದಳು. ಆಮೇಲೆ ಒಂದು ಫಿಲ್ಮ್ ಡಬ್ಬಿಯ ಮುಚ್ಚಳ ಒತ್ತಿ, “ನೀವು ತಪ್ಪು ಒಪ್ಕೊಂಡ್ರಿ, ನಾನು ಕೇಳಿಸ್ಕೊಂಡೆ. ಆಯ್ತು ಅಂತ ಇವತ್ತೇ ಹೇಳಲ್ಲ. ನಿಮಗೆ ಹದಿನಾರು ವರ್ಷ ಹಿಡಿದಿದೆ, ನನಗೂ ಒಂದಿಷ್ಟು ದಿನ ಬಿಡಿ,” ಎಂದಳು. ಅರ್ಜಿದಾರ ತಲೆ ಆಡಿಸಿದ. ಅವನ ಹೆಂಡತಿ ಎದ್ದು ಹೋಗಿ ಟೀಯನ್ನು ಮತ್ತೆ ಬಿಸಿ ಮಾಡಿ ತಂದರು.

ಅಂದೇ ಚಿಮಟ ಅವನ ಫೋನ್ ತೆಗೆದುಕೊಂಡು ಪಾಠ ಮಾಡಿದಳು. “ಒಂದೇ ವಾಲೆಟ್ಟು ಎಷ್ಟು ಬೇಕಾದ್ರೂ ವಿಳಾಸ ಕೊಡುತ್ತೆ ಮೇಷ್ಟ್ರೇ. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಹೊಸದು ಕೊಡಿ. ಗಾಜಿಗೆ ಅಂಟಿಸಿರೋದನ್ನ ಇವತ್ತೇ ಕೀಳಿ. ಮತ್ತೆ, ಖರ್ಚು ಮಾಡುವಾಗ ಎಲ್ಲಾ ವಿಳಾಸದ್ದನ್ನೂ ಒಟ್ಟಿಗೆ ಸುರಿದು ಕಳಿಸಬೇಡಿ. ಹಾಗೆ ಮಾಡಿದ್ರೆ ಎಲ್ಲಾ ಒಬ್ಬನದ್ದೇ ಅಂತ ನೋಡೋರಿಗೆ ಗೊತ್ತಾಗಿಬಿಡುತ್ತೆ.”

“ಇಷ್ಟೆಲ್ಲ ಗೊತ್ತಿದ್ದು ನೀನ್ಯಾಕೆ ನಿನ್ನ ಪೇಜಲ್ಲಿ ಹಾಕ್ಕೊಂಡಿದ್ದೆ?”

“ಅಕ್ಕ ಬಂದು ಬಾಗಿಲು ತಟ್ಟಿದ ಮೇಲೆ ಕಲಿತಿದ್ದು. ಅಲ್ಲೀತನಕ ನಾನೂ ನಿಮ್ಮ ಶಿಷ್ಯೆನೇ ಅಲ್ವಾ?”

ಅರ್ಜಿದಾರನ ಹೆಂಡತಿ ಎರಡು ವಾರದಲ್ಲಿ ಮೊದಲ ಸಲ ನಕ್ಕಿದ್ದು ಆಗ.

ಹಡಗು ಇಂಜಿನಿಯರರಿಗೆ ಏಳನೆಯ ಪತ್ರ ಹೋಯಿತು. ಅದರಲ್ಲಿ ಸುಳ್ಳಿರಲಿಲ್ಲವಾದ್ದರಿಂದ ಚಿಕ್ಕದಾಗಿತ್ತು. ಅವರು ಉತ್ತರವಾಗಿ ಇನ್ನೊಂದು ಕೆಟ್ಟ ಕ್ಯಾಮೆರಾ ಕಳಿಸಿದರು; ಪಾರ್ಸಲಿನ ಮೇಲೆ ಇಬ್ಬರ ಹೆಸರೂ ಇತ್ತು, ಅವಳದು ಮೊದಲು. ಬೇರೆ ಇಬ್ಬರು ಗಿರಾಕಿಗಳು ವಿಷಯ ತಿಳಿದು ಬಿಟ್ಟುಹೋದರು. ಅವರ ಕೋಪ ನ್ಯಾಯವಾದದ್ದೇ. ಅಂಗಡಿಯ ಬೋರ್ಡಿನಲ್ಲಿ ಈಗ ಎರಡು ಹೆಸರಿವೆ. ಅರ್ಜಿದಾರ ಕ್ಯಾಮೆರಾ ತೆಗೆದುಕೊಳ್ಳುತ್ತಾನೆ, ಬೂಷ್ಟು ಒರೆಸುತ್ತಾನೆ, ಚರ್ಮ ಅಂಟಿಸುತ್ತಾನೆ, ಗಿರಾಕಿಗಳ ಜೊತೆ ಹರಟುತ್ತಾನೆ. ಷಟರ್ ಬಿಚ್ಚುವುದಿಲ್ಲ. ಗಾಜಿನ ಮೇಲಿನ ಕೋಡನ್ನು ಬ್ಲೇಡಿನಿಂದ ಕೆರೆದು ತೆಗೆಯಲು ಅರ್ಧ ದಿನ ಹಿಡಿಯಿತು. ಅಂಟಿಸಿದಾಗ ಅಷ್ಟು ಒಳ್ಳೆಯ ಗೋಂದು ಹಾಕಿಸಿದ್ದ.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ:

ಅ) ತಮ್ಮ ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ಅಳಿಸುವ ಪದ್ಧತಿ ಇಲ್ಲವೆಂದು ಅರ್ಜಿದಾರ ಬಲ್ಲನಾದ್ದರಿಂದ, ಅಳಿಸುವಂತೆ ಕೇಳುತ್ತಿಲ್ಲ. ಸದರಿ ನಲವತ್ತೊಂದು ಸಾಲುಗಳನ್ನು ತೆರೆಯುವವರಿಗೆ, ತೆರೆಯುವ ಮುನ್ನ, ‘ಇದು ನಿಮಗ್ಯಾಕೆ?’ ಎಂದು ಒಂದು ಸಲ ಕೇಳುವ ವ್ಯವಸ್ಥೆ ಮಾಡಿಕೊಡಬೇಕಾಗಿಯೂ,

ಆ) ಕಟ್ಟಡದ ಮಾಲೀಕರಿಗೆ ತೋರಿಸುವುದೇ ಆದಲ್ಲಿ ಹಸಿರು-ಕೆಂಪು ಎರಡನ್ನೂ ತೋರಿಸಬೇಕು, ಇಲ್ಲವೇ ಎರಡನ್ನೂ ತೋರಿಸಕೂಡದೆಂದು ಆದೇಶಿಸಬೇಕಾಗಿಯೂ,

ಇ) ಭಾನುವಾರ ಮಧ್ಯಾಹ್ನ ಒಂದರಿಂದ ಮೂರರವರೆಗೆ ಭಾಮೈದಂದಿರಿಗೆ ಪುಸ್ತಕವನ್ನು ಮುಚ್ಚಿಡಬೇಕಾಗಿಯೂ,

ಈ) ತಮ್ಮ ಕಚೇರಿಯೇ ಅಸ್ತಿತ್ವದಲ್ಲಿಲ್ಲದ ಪಕ್ಷದಲ್ಲಿ, ಹಾಗೆಂದು ಹಿಂಬರಹ ಬರೆದು, ಮೊಹರು ಹಾಕಿ, ಈ ಅರ್ಜಿಯನ್ನು ಹದಿನೈದು ದಿನದೊಳಗೆ ಹಿಂದಿರುಗಿಸಬೇಕಾಗಿಯೂ ಪ್ರಾರ್ಥನೆ.

ಇಷ್ಟಾದರೂ ವಿಶ್ವಾಸ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
(ಸಹಿ. ಸ್ವಲ್ಪ ಸೊಟ್ಟಗಿದ್ದರೆ ಮನ್ನಿಸಬೇಕು. ಅರ್ಜಿದಾರನಿಗೆ ನೆಟ್ಟಗೇ ಕಾಣುತ್ತಿದೆ.)

ಲಗತ್ತುಗಳು:
1. ಕಣ್ಣಿನ ಡಾಕ್ಟರ ಚೀಟಿಯ ನಕಲು.
2. ಗಾಜಿನಿಂದ ಕೆರೆದು ತೆಗೆದ ಕೋಡ್, ಚೂರುಗಳಲ್ಲಿ. ದಯವಿಟ್ಟು ಜೋಡಿಸಬಾರದು.
3. ಹಡಗು ಇಂಜಿನಿಯರರಿಗೆ ಬರೆದ ಆರು ಸುಳ್ಳುಗಳ ಕರಡು. ಆರನೆಯದನ್ನು ವಿಶೇಷವಾಗಿ ಗಮನಿಸಬೇಕು.
4. ಅಂಟಿಸಿದ ಲಕೋಟೆ ಒಂದು.

ವಿಶೇಷ ಸೂಚನೆ: ಲಗತ್ತು ನಾಲ್ಕು ಅರ್ಜಿದಾರನದ್ದಲ್ಲ. ಈ ಅರ್ಜಿಯನ್ನು ಕಳಿಸುವ ಮುನ್ನ ಅವನ ಹೆಂಡತಿ ಮೊದಲಿಂದ ಕೊನೆಯವರೆಗೆ ಓದಿ, ಎರಡು ಕಾಗುಣಿತ ತಿದ್ದಿ, ಇನ್ನೊಂದು ಹಾಳೆ ತೆಗೆದುಕೊಂಡು ಕಿಟಕಿಯ ಬಳಿ ಕೂತು ಬಹಳ ಹೊತ್ತು ಏನೋ ಬರೆದು, ಮಡಚಿ, ಲಕೋಟೆಯಲ್ಲಿ ಹಾಕಿ ಅಂಟಿಸಿ ಕೊಟ್ಟರು. ಏನು ಬರೆದೆ ಎಂದು ಅರ್ಜಿದಾರ ಎರಡು ಸಲ ಕೇಳಿದ. “ಅದು ನಂದು,” ಎಂದರು. ಲಕೋಟೆಯನ್ನು ದೀಪಕ್ಕೆ ಹಿಡಿದರೆ ಎಡಗಣ್ಣಿಗೆ ಅಕ್ಷರ ಮೂಡುವಷ್ಟು ಕಾಗದ ತೆಳುವಾಗಿದೆ. ಹಿಡಿದಿಲ್ಲ. ಆದಕಾರಣ ಸದರಿ ಲಕೋಟೆಯನ್ನು ತಾವೂ ತೆರೆಯದೆ, ಮುಂದೊಂದು ದಿನ ಅರ್ಜಿದಾರನೇ ಬಂದು ಎಷ್ಟು ಗೋಗರೆದರೂ ಅವನಿಗೆ ತೋರಿಸದೆ, ಹಾಗೆಯೇ ಇಟ್ಟುಕೊಳ್ಳಬೇಕಾಗಿ ವಿನಂತಿ.